ಕಿವಿಯ ಮೇಲಿನ ಸೋಪಿನ ನೊರೆ

“ರೂಮು ಖಾಲಿ ಮಾಡ್ತೀನಿ,” ಎಂದು ಕೆಳಮನೆಯ ಟೈಲರಮ್ಮ ನಮ್ಮ ಬಾಗಿಲಲ್ಲಿ ನಿಂತು ಹೇಳಿದಾಗ ಅತ್ತಿಗೆ ಹೆಣೆಯುತ್ತಿದ್ದ ಸ್ವೆಟರನ್ನು ಪಕ್ಕಕ್ಕಿಟ್ಟರು. ಅವರು ಕಡ್ಡಿ ಕೆಳಗಿಟ್ಟರೆ ಯಾರದೋ ಬಣ್ಣ ಬಯಲಾಯಿತೆಂದೇ ಲೆಕ್ಕ. ಇಡೀ ಕಟ್ಟಡ ಅವರನ್ನು ಪತ್ತೇದಾರಿ ಅತ್ತಿಗೆ ಎನ್ನುತ್ತಿತ್ತು. ನಾನು ಅವರ ಮೈದುನ, ಅಂದರೆ ಓಡಾಡುವುದಕ್ಕೂ ಬೈಸಿಕೊಳ್ಳುವುದಕ್ಕೂ ಇದ್ದವನು.

ಮುಸ್ಸಂಜೆಯಲ್ಲೇ ಕೆಳಗಿಳಿದೆವು. ಟೈಲರಮ್ಮ ನಮ್ಮನ್ನು ಕೂರಿಸಿ ಬಲ್ಬು ಆರಿಸಿಬಿಟ್ಟರು. “ಮಾತಾಡೋಕೆ ಬೆಳಕ್ಯಾಕೆ?” ಎಂದರು.

“ಮೊದಲೇ ದುಡ್ಡು ತುಂಬ್ಬೇಕಾದ ಕರೆಂಟ್ ಮೀಟರು ನಂದು. ರೀಚಾರ್ಜ್ ಮಾಡಿಸಿದ್ದೇ ತಡ, ಖಾಲಿ. ಇರೋದು ಒಂದು ಬಲ್ಬು, ಒಂದು ಇಸ್ತ್ರಿಪೆಟ್ಟಿಗೆ. ಮಿಷನ್ನು ಕಾಲಲ್ಲಿ ತುಳಿಯೋದು. ಇಸ್ತ್ರಿ ಬಿಟ್ಟೆ. ಸುಕ್ಕು ಬಟ್ಟೆ ಯಾರು ತಗೋತಾರೆ? ಗಿರಾಕಿಗಳು ಒಬ್ಬೊಬ್ಬರೇ ಜಾರಿದ್ರು.”

“ಓನರ್ ಏನಂತಾರೆ?” ಎಂದರು ಅತ್ತಿಗೆ.

“ಮೇಲ್ಗಡೆನೇ ಇದಾರಲ್ಲ, ಪಾಪ, ಒಳ್ಳೇವ್ರು. ಮೀಟರ್ ಖಾಲಿಯಾಗಿ ನನ್ನ ಕರೆಂಟ್ ನಿಂತಾಗೆಲ್ಲ ಅವರೇ ಓಡಿಬಂದು ಹೇಳ್ತಾರೆ. ಮೊನ್ನೆ ಬೆಳಿಗ್ಗೆ ಕಿವಿ ಮೇಲೆ ಸೋಪಿನ ನೊರೆ ಹಾಗೇ ಇತ್ತು! ನಾನು ಕಿಟಕಿ ಬೆಳಕಲ್ಲಿ ಹೊಲೀತಿದ್ದೆ, ಕರೆಂಟ್ ಹೋಗಿದ್ದು ನನಗೆ ಗೊತ್ತೇ ಆಗಿರ್ಲಿಲ್ಲ.”

ಅತ್ತಿಗೆ ಕತ್ತಲಲ್ಲೇ ನನ್ನ ತೊಡೆ ಚಿವುಟಿದರು. ಖುಷಿಯಾದರೆ ಅವರದು ಅದೇ ಚಾಳಿ.

ಮರುದಿನ ಬೆಳಿಗ್ಗೆ ಅತ್ತಿಗೆ ಅದೇ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿ, ಟೈಲರಮ್ಮನ ಕರೆಂಟನ್ನು ಯಾರೋ ಕದಿಯುತ್ತಿದ್ದಾರೆ ಎಂದರು. ಓನರ್ ಬಂದವರೇ ಪಕ್ಕದ ಮನೆಯ ಸಂಗೀತದ ಮೇಷ್ಟ್ರತ್ತ ಬೆರಳು ತೋರಿಸಿದರು: “ಇವರ ದೀಪ ಆರೋದೇ ಇಲ್ಲ. ಕಳ್ಳ ಇವರೇ!” ಮೇಷ್ಟ್ರು ಕೆಂಡಾಮಂಡಲವಾದರು. ಅತ್ತಿಗೆ ಮಾತ್ರ ಸೂರಿನತ್ತ ಕಿವಿಗೊಟ್ಟು ನಿಂತಿದ್ದರು. ಮೇಲಿನ ಬಚ್ಚಲಲ್ಲಿ ನೀರು ಸುರಿಯುತ್ತಿತ್ತು. ತಟ್ಟನೆ ಟೈಲರಮ್ಮನ ಮೇನ್ ಸ್ವಿಚ್ ಕೆಳಗೆಳೆದರು.

ಉಸಿರು ಬಿಟ್ಟು ಎಳೆದುಕೊಳ್ಳುವಷ್ಟರಲ್ಲಿ ಮೇಲಿಂದ ಓನರ್ ಹೆಂಡತಿಯ ಕೂಗು ಬಂತು. “ರೀ! ನೀರು ತಣ್ಣಗಾಯ್ತು! ರೀಚಾರ್ಜ್ ಮಾಡ್ಸೋಕೆ ಟೈಲರಮ್ಮಂಗೆ ಹೇಳ್ರೀ!”

ಮೊದಲು ನಕ್ಕವರು ಮೇಷ್ಟ್ರು. ಓನರ್ ಮುಖ ಇಂಗು ತಿಂದ ಮಂಗನಂತಾಯಿತು.

“ಹಗಲಲ್ಲಿ ಟೈಲರಮ್ಮ ಒಂದು ಸ್ವಿಚ್ಚೂ ಹಾಕಲ್ಲ,” ಎಂದು ಅತ್ತಿಗೆ ಬಿಡಿಸಿ ಹೇಳಿದರು. “ಕರೆಂಟ್ ನಿಂತಿದ್ದು ಇವರಿಗೇ ತಿಳೀದೆ ಇರುವಾಗ ನಿಮಗೆ ಹೇಗೆ ತಿಳೀತು? ಇವರ ಮೀಟರಿನ ಮೇಲೆ ಓಡೋದು ನಿಮ್ಮನೇಲಿ ಏನೋ ಇರ್ಬೇಕು. ಸ್ನಾನ ಅರ್ಧಕ್ಕೇ ಬಿಟ್ಟು ಬಂದಿದ್ರಿ ಅಂದ್ರೆ ಅದು ನಲ್ಲಿ ತಿರುಗಿಸಿದಾಗಲೇ ನೀರು ಕಾಯಿಸೋ ಗೀಸರೇ. ಸುಮ್ಮನೆ ತಣ್ಣೀರು ಸುರ್ಕೊಂಡಿದ್ರೆ ನಾನು ಇನ್ನೂ ಸ್ವೆಟರ್ ಹೆಣೀತಿದ್ದೆ.”

“ಗೀಸರ್ ಹಾಕಿಸ್ದಾಗ... ಇವರ ವೈರು ಹತ್ರ ಇತ್ತು...” ಎಂದು ಓನರ್ ತೊದಲಿದರು. ಅಂದೇ ವೈರು ಬೇರೆಯಾಯಿತು. ಇಷ್ಟು ದಿನ ಕಾಯಿಸಿಕೊಂಡ ನೀರಿಗೆಲ್ಲ ಟೈಲರಮ್ಮನ ಮೀಟರು ತುಂಬಿಸಿಕೊಡುವುದಾಗಿ ಎಲ್ಲರೆದುರು ಒಪ್ಪಿಕೊಂಡರು.

ಸಂಜೆ ಹೋದಾಗ ಟೈಲರಮ್ಮ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಮದುವಣಗಿತ್ತಿಯ ರವಿಕೆಯ ಮೇಲೆ ಓಡಿಸುತ್ತಿದ್ದರು. ನಮ್ಮನ್ನು ಕಂಡು ಕೆಲಸ ನಿಲ್ಲಿಸಿದರು. ಕೂತು ಮಾತಿಗೆ ತೊಡಗುತ್ತಿದ್ದಂತೆ ಅವರ ಕೈ ತಾನಾಗಿ ಬಲ್ಬಿನ ಸ್ವಿಚ್ಚಿನತ್ತ ಹೋಯಿತು.

ಅತ್ತಿಗೆ ಆ ಕೈ ಹಿಡಿದುಕೊಂಡರು. “ಉರೀಲಿ ಬಿಡಿ. ನಿಮ್ಮ ಮುಖ ನೋಡ್ತಾ ಮಾತಾಡ್ಬೇಕು.”