ಹಗೇವಿನ ಗಾಳಿ

ಶೇಲ್ ಎಂಬ ಪದರಗಲ್ಲು ತನ್ನೊಳಗಿನ ಉರಿಯುವ ಅನಿಲವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಊಡಿಸಬೇಕು. ಕಲ್ಲು ಈ ಹೊಸ ನೆಂಟನನ್ನು ಅಪ್ಪಿಕೊಂಡು ಹಳಬನನ್ನು ಹೊರಗೆ ನೂಕುತ್ತದೆ. ಎಷ್ಟು ಒತ್ತಡದಲ್ಲಿ ಊಡಿಸಿದರೆ ಹೆಚ್ಚು ಅನಿಲ ಸಿಗುತ್ತದೆಂದು ವರ್ಷಗಟ್ಟಲೆ ಲ್ಯಾಬಿನಲ್ಲಿ ಕೂತು ಕಂಡುಹಿಡಿದವನು ಬಸವಕುಮಾರ. ದೊಡ್ಡ ಸಭೆಯಲ್ಲಿ ಅದನ್ನೇ ತನ್ನದೆಂದು ಹೇಳಿ ಚಪ್ಪಾಳೆ ಗಿಟ್ಟಿಸಿದವನು ಚನ್ನೇಶ, ಒಂದೇ ತಟ್ಟೆಯಲ್ಲಿ ಉಂಡ ಗೆಳೆಯ. ಬಸವಕುಮಾರ ಜಗಳವಾಡಲಿಲ್ಲ. ನಗುನಗುತ್ತಲೇ ಕೈ ಕುಲುಕಿದ.

ಅವನ ಊರು ಕಣಕಟ್ಟೆಯಲ್ಲಿ, ಅಣ್ಣನ ಅಂಗಳದಲ್ಲಿ ಹಗೇವು ಇತ್ತು, ರಾಗಿ ತುಂಬಿಡುವ ನೆಲದೊಳಗಿನ ಗುಂಡಿ. ಮುಚ್ಚಿಟ್ಟ ರಾಗಿ ಉಸಿರಾಡಿ ಒಳಗೆ ಅದೇ ಇಂಗಾಲದ ಡೈಆಕ್ಸೈಡ್ ಕಟ್ಟಿಕೊಳ್ಳುತ್ತದೆ. ದೀಪ ಆರುತ್ತದೋ ಎಂದು ಇಳಿಸಿ ನೋಡದೆ ಇಳಿದವರು ಹೆಣವಾಗಿ ಬಂದದ್ದು ಊರಿಗೆಲ್ಲ ಗೊತ್ತು. ಇರುವ ಕಡೆ ಇನ್ನಷ್ಟು ಸೇರಿಸಿದರೆ ಯಾರು ಕೇಳುತ್ತಾರೆ?

ಅಣ್ಣ ಅತ್ತಿಗೆ ಮಾದಿಹಳ್ಳಿಗೆ ನಾಮಕರಣಕ್ಕೆ ಹೋದ ದಿನ ಅವನು ಊರಿಗೆ ಬಂದ. ಹಗೇವಿನ ಬಾಯಿಗೆ ಚಪ್ಪಡಿ ಮುಚ್ಚಿ ಸಗಣಿ ಸಾರಿಸಿತ್ತು; ತಳದಲ್ಲಿ ಇನ್ನೂ ಒಂದಷ್ಟು ರಾಗಿ ಇದೆ ಎಂದುಕೊಂಡ. ಅರಸೀಕೆರೆಯ ಸೋಡಾ ಫ್ಯಾಕ್ಟರಿಯಿಂದ ತಂದಿದ್ದ ಸಿಲಿಂಡರಿನ ಕೊಳವೆಯನ್ನು ಚಪ್ಪಡಿಯ ಸಂದಿಗೆ ತೂರಿಸಿ, ಗಾಳಿಗಿಂತ ಭಾರವಾದ ಆ ಅನಿಲವನ್ನು ತಳದವರೆಗೆ ಇಳಿಬಿಟ್ಟ.

ಮರುದಿನ, ಊರು ನೋಡಲೆಂದು ಕರೆಸಿಕೊಂಡಿದ್ದ ಚನ್ನೇಶನಿಗೆ ಹಳೇಬೀಡು ತೋರಿಸಿದ, ಹುಲಿಕೆರೆಯ ಕೊಳ ತೋರಿಸಿದ. ಕೊಳದ ಮೆಟ್ಟಿಲ ಮೇಲೆ ಚನ್ನೇಶ, "ಸಭೇಲಿ ನಿನ್ನ ಹೆಸರು ಹೇಳ್ಬೇಕಿತ್ತು ಕಣೋ" ಎಂದ. ಬಸವಕುಮಾರ ಅವನ ಹೆಗಲ ಮೇಲೆ ಕೈ ಹಾಕಿದ. ಆದರೂ ಸಂಜೆಗೆ, ಚಪ್ಪಡಿ ಸರಿಸಿಟ್ಟಿದ್ದ ಹಗೇವನ್ನು ತೋರಿಸಲೆಂದು ಅಂಗಳಕ್ಕೆ ಕರೆತಂದ.

"ಬೆಳಗ್ಗೆನೇ ಬಾಯಿ ತೆಗೆದು, ದೀಪ ಬಿಟ್ಟು ನೋಡಿದೀನಿ. ಇಳಿ," ಎಂದ.

ಇಂಗಾಲದ ಡೈಆಕ್ಸೈಡಿನ ಬಗ್ಗೆ ಗೊತ್ತಿದ್ದೂ ಚನ್ನೇಶ ಇಳಿದ, ಗೆಳೆಯ ಹೇಳಿದ್ದನೆಂದು. ಕೆಳಗೆ ಧೊಪ್ಪೆಂದಿತು. ಬಸವಕುಮಾರ ಅಳುತ್ತ ಬೀದಿಗೆ ಓಡಿದ. ಆ ಅಳುವಿನಲ್ಲಿ ನಟನೆ ಅಷ್ಟೇನೂ ಇರಲಿಲ್ಲ.

ಜನ ಸೇರಿ, ಕತ್ತಲ ಗುಂಡಿಗೆ ಯಾರೂ ಇಳಿಯದೆ, ಮೇಲಿಂದಲೇ ಕೊಕ್ಕೆ ಹಾಕಿ ಹೆಣ ಎತ್ತಿದರು. "ಬೇಡ ಅಂದ್ರೂ ಇಳಿದ ಸಾರ್, ರಾಗಿ ಗಾಳಿ ಕೆಟ್ಟಿತ್ತು," ಎಂದ ಬಸವಕುಮಾರ. ಠಾಣೆಯಿಂದ ಬಂದ ಎಸ್ಸೈ ತಲೆಯಾಡಿಸಿ ಬರೆದುಕೊಂಡರು. ಅಷ್ಟರಲ್ಲಿ ಸುದ್ದಿ ತಿಳಿದು ಅತ್ತಿಗೆ ರುದ್ರಮ್ಮ ಬಂದಳು, ತಾಯಿಯಿಲ್ಲದ ಅವನಿಗೆ ತುತ್ತಿಟ್ಟು ಬೆಳೆಸಿದವಳು. ಅಳುತ್ತಿದ್ದ ಮೈದುನನ ಬೆನ್ನು ಸವರುತ್ತ, ಅವನ ಮೇಲೆ ತಪ್ಪು ಬಾರದಿರಲೆಂದೇ ಎಸ್ಸೈಗೆ ಹೇಳಿದಳು: "ನಮ್ಮ ಹುಡುಗಂದು ತಪ್ಪಿಲ್ಲ ಸ್ವಾಮಿ. ಅದ್ರಲ್ಲಿ ರಾಗಿ ಎಲ್ಲೈತೆ, ಗಾಳಿ ಕೆಡಕ್ಕೆ? ಎಲ್ಲಾ ಮಠದ ದಾಸೋಹಕ್ಕೆ ಕೊಟ್ವು. ಮೊನ್ನೆ ನಾನೇ ದೀಪ ಹಿಡ್ಕೊಂಡು ಇಳ್ದು ಗುಡಿಸ್ದೆ. ಖಾಲಿ ಹಗೇವು ಬಾಯಿ ಬಿಟ್ಕೊಂಡಿದ್ರೆ ಮನೆಗೆ ಒಳ್ಳೇದಲ್ಲ ಅಂತ ಸಾರಿಸಿ ಮುಚ್ಚಿದ್ದೆ, ಅಷ್ಟೆ."