ತಾಮ್ರದ ಗುಹೆಯ ಕಾಣದ ದುಂಬಿಗಳು

ಬೆಟ್ಟಗಳು ಇನ್ನೂ ಒಂದರೊಡನೊಂದು ಮಾತಾಡುತ್ತಿದ್ದ ಕಾಲ. ಹಾಲಾವತಿ ಎಂಬ ರಾಜ್ಯದಲ್ಲಿ ನೀಲಾಂಬೆ, ತುಂಗವ್ವ ಎಂಬ ಅಕ್ಕತಂಗಿಯರಿದ್ದರು. ತಾಯಿತಂದೆ ಇಲ್ಲದ ತಂಗಿಯನ್ನು ಅಕ್ಕನೇ ಸಾಕಿದ್ದಳು. ತುಂಗವ್ವನಿಗೆ ತಾಳ್ಮೆ ಎಂಬುದೇ ಗೊತ್ತಿರಲಿಲ್ಲ. ಅನ್ನ ಬಸಿದು ಮಡಕೆ ಮುಚ್ಚಿಟ್ಟರೆ ಸಾಕು, ಓಡಿಹೋಗಿ ಮುಚ್ಚಳ ಎತ್ತುವಳು. "ಅರಳಲಿ ಬಿಡೇ" ಎಂದು ನೀಲಾಂಬೆ ದಿನವೂ ಗದರುವಳು.

ಒಮ್ಮೆ ನೀಲಾಂಬೆ ಸೌದೆಗೆ ಹೋಗಿದ್ದಾಗ ಶೀತಕೇತು ಎಂಬ ಮಾಂತ್ರಿಕ ಊರ ಮೇಲೆ ಮಂಜಿನ ಉಸಿರು ಬಿಟ್ಟ. ಅವಳು ಮರಳಿ ಬಂದಾಗ ರಾಜ ಸಿಂಹಾಸನದಲ್ಲಿ, ನಾಯಿ ಬಾಗಿಲಲ್ಲಿ, ತಂಗಿ ಒಲೆಯ ಮುಂದೆ ಕಲ್ಲಿನಂತೆ ಹೆಪ್ಪುಗಟ್ಟಿದ್ದರು. ಎಲ್ಲರ ಕಣ್ಣುಗಳೂ ತೆರೆದಿದ್ದವು. ಗಾಳಿಯಲ್ಲಿ ಮಾಂತ್ರಿಕನ ನಗು ಕೇಳಿಸಿತು. ಅವನ ಮೈಯೂ ಅದೇ ಮಂಜಿನದು. ಹೆಪ್ಪುಗಟ್ಟಿದವರಲ್ಲಿ ಒಂದೇ ಒಂದು ಎದೆ ಬೆಚ್ಚಗಾದರೂ ತಾನು ಉಳಿಯುವುದಿಲ್ಲ ಎಂದು ಅವನೇ ಜಂಬದಿಂದ ಹೇಳಿಕೊಂಡ. ಯಾರ ಕೈಲೂ ಆಗದು ಎಂಬ ಧೈರ್ಯ ಅವನಿಗೆ.

ನೀಲಾಂಬೆ ಮೊದಲು ಹೆಪ್ಪುಗಟ್ಟಿದ ಹುಂಜವನ್ನು ಬೆಂಕಿಯ ಮುಂದಿಟ್ಟು ನೋಡಿದಳು. ಪುಕ್ಕ ಸುಟ್ಟಿತು, ಚರ್ಮ ಕರಿಯಾಯಿತು, ಒಳಗೆ ಮಂಜು ಮಂಜಾಗಿಯೇ ಇತ್ತು. ಅವಳು ಬೆಂಕಿಯ ಆಸೆ ಬಿಟ್ಟಳು.

ತಂಗಿಯನ್ನೂ, ಮೊದಲು ಪರೀಕ್ಷಿಸಿ ನೋಡಲು ಹೆಪ್ಪುಗಟ್ಟಿದ ಒಂದು ಆಡಿನ ಮರಿಯನ್ನೂ ಗಾಡಿಗೆ ಹಾಕಿಕೊಂಡು ಅವಳು, ಬೆಂಕಿಯಿಲ್ಲದೆ ಬಿಸಿ ಮಾಡಬಲ್ಲಳೆಂದು ಹೆಸರಾಗಿದ್ದ ಬೆಟ್ಟದ ಜೇನವ್ವನ ಬಳಿ ಹೋದಳು. ಆ ಮುದುಕಿಯ ಗುಹೆಯ ಗೋಡೆಗಳೆಲ್ಲ ತಾಮ್ರ. ಒಳಗೆ ಕಣ್ಣಿಗೆ ಕಾಣದ ದುಂಬಿಗಳಿದ್ದವು. ಬಾಗಿಲು ಮುಚ್ಚಿದರೆ ಗುಂಯ್ ಎಂದು ಕುಣಿದು ಒಳಗಿಟ್ಟದ್ದನ್ನು ಬಿಸಿ ಮಾಡುವುವು, ತೆರೆದರೆ ಮಲಗುವುವು. ನಡುವೆ ಒಂದು ಗಾಜಿನ ಚಕ್ರ ತಾನಾಗಿಯೇ ಸುತ್ತುತ್ತಿತ್ತು.

ನೀಲಾಂಬೆ ಮರಿಯನ್ನು ಚಕ್ರದ ಮೇಲಿಟ್ಟು ಬಾಗಿಲು ಮುಚ್ಚಿದಳು. ಬೇಗ ಕರಗಲೆಂಬ ಅವಸರಕ್ಕೆ ನಡುವೆ ಒಮ್ಮೆಯೂ ತೆರೆಯಲೇ ಇಲ್ಲ. ಕೊನೆಗೆ ನೋಡಿದರೆ ಮರಿಯ ಕಿವಿ ಬೆಂದು ಹಬೆಯಾಡುತ್ತಿತ್ತು, ಎದೆ ಮಾತ್ರ ಕಲ್ಲು.

"ಮಂಜಿನ ಕಣಗಳು ಒಂದರ ಕೈ ಒಂದು ಬಿಗಿಯಾಗಿ ಹಿಡಿದುಕೊಂಡು ನಿಂತಿರ್ತವೆ ಮಗಳೇ, ದುಂಬಿ ಎಳೆದರೂ ಕದಲಲ್ಲ" ಎಂದಳು ಜೇನವ್ವ. "ಎಲ್ಲಿ ಒಂದು ಹನಿ ಕರಗಿತೋ, ದುಂಬಿಗಳೆಲ್ಲ ಅದನ್ನೇ ಮುತ್ತಿ ಕುಣಿಸಿ ಕುಣಿಸಿ ಬೇಯಿಸಿಬಿಡ್ತವೆ."

ಹಾಗಾದರೆ ದುಂಬಿಗಳನ್ನು ಆಗಾಗ ಮಲಗಿಸಬೇಕು, ಆ ಹನಿಯ ಬಿಸಿ ಪಕ್ಕದ ಮಂಜಿಗೆ ಇಳಿಯಲು ಬಿಡಬೇಕು. ಮುಚ್ಚಿಟ್ಟ ಅನ್ನದ ಮಡಕೆ ನೀಲಾಂಬೆಗೆ ನೆನಪಾಯಿತು.

ಗೋಡೆಯ ತಾಮ್ರ ಬಿಟ್ಟು ಬೇರೆ ಲೋಹ ಕಂಡರೆ ದುಂಬಿಗಳು ಕಿಡಿ ಕಾರುತ್ತವೆಂದು ಜೇನವ್ವ ಎಚ್ಚರಿಸಿದ್ದಕ್ಕೆ ತಂಗಿಯ ಕಾಲ್ಗೆಜ್ಜೆ ಬಿಚ್ಚಿ ಅವಳನ್ನು ಚಕ್ರದ ಮೇಲೆ ಕೂರಿಸಿದಳು. ತುಸು ಹೊತ್ತು ಮುಚ್ಚಿದಳು, ತೆರೆದು ಕಾದಳು. ಮತ್ತೆ ಮುಚ್ಚಿದಳು, ಮತ್ತೆ ಕಾದಳು. ತಂಗಿಯ ರೆಪ್ಪೆಯಿಂದ ನೀರು ತೊಟ್ಟಿಕ್ಕಿತು.

ಆಗ ತುಂಗವ್ವನ ದನಿ ಕೇಳಿಸಿತು. "ಅಕ್ಕ, ಚಳಿ ತಡೆಯಕ್ಕಾಗ್ತಿಲ್ಲ. ಬಾಗಿಲು ಮುಚ್ಚು. ಯಾಕೆ ಸುಮ್ಮನೆ ಕೂತಿದ್ದೀಯ? ನಾನು ಸಾಯ್ತಿದ್ದೀನಿ."

ನೀಲಾಂಬೆಯ ಕೈ ಬಾಗಿಲಿಗೆ ಹೋಯಿತು.  ಆದರೆ ತಂಗಿಯ ತುಟಿಗಳು ಅಲುಗಿರಲಿಲ್ಲ. ಎದೆಯೇ ಕರಗದವಳಿಗೆ ದನಿ ಎಲ್ಲಿಂದ ಬಂತು? ಇದು ಶೀತಕೇತುವಿನ ಮಾಯೆ ಎಂದುಕೊಂಡು ನೀಲಾಂಬೆ ಕೈ ಹಿಂದಕ್ಕೆಳೆದು ಬಾಗಿಲಲ್ಲೇ ಕೂತಳು. ದನಿ ಗೋಗರೆಯಿತು, ಅತ್ತಿತು, ಕೊನೆಗೆ ತೀರಿಹೋದ ಅಮ್ಮನ ದನಿಯಲ್ಲಿ ಶಪಿಸಿತು. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಾ ಕಾದಳು. ಸಮಯ ನೋಡಿ ಮುಚ್ಚಿದಳು, ಸಮಯ ನೋಡಿ ತೆರೆದಳು.

ಎಷ್ಟೋ ಹೊತ್ತಿನ ಮೇಲೆ ತಂಗಿಯ ಎದೆಗೆ ಕಿವಿ ಇಟ್ಟಳು. ಡಬ್ ಎಂದಿತು. ಗುಹೆಯ ಹೊರಗೆ ಯಾರೋ ಚೀರಿದರು, ಆಮೇಲೆ ನೀರು ಸುರಿದ ಸದ್ದು. ಶೀತಕೇತು ಇದ್ದ ಜಾಗದಲ್ಲಿ ಒಂದು ಕೊಚ್ಚೆ ಮಾತ್ರ ಉಳಿಯಿತು. ದೂರದ ಊರಲ್ಲಿ ನಾಯಿ ಬೊಗಳಿತು.

ಊರಿಗೆ ಊರೇ ಎದ್ದು ಹಬ್ಬ ಮಾಡಿತು, ರಾಜ ಅಕ್ಕತಂಗಿಯರನ್ನು ಅರಮನೆಗೆ ಕರೆದ. ಹಾಲಾವತಿಯಲ್ಲಿ ಆಮೇಲೆ ಯಾರೂ ಚಳಿಗೆ ಹೆದರಲಿಲ್ಲ. ಆದರೆ ಅಂದು ಗುಹೆಯಲ್ಲಿ ತುಂಗವ್ವ ಅಕ್ಕನ ಒದ್ದೆ ಮುಖವನ್ನು ನೋಡಿ ಮೊದಲು ಕೇಳಿದ್ದು ಒಂದೇ ಮಾತು.

"ಅಕ್ಕ, ಅನ್ನ ಅರಳಿತಾ?"