ಕಾಲುವೆಯ ಕಡೆಗೆ ತಿರುಗಿದ ಬಾಗಿಲು

ಪಡುವಣ ಮಳೆ ನಿಂತು ಮೂಡಣ ಗಾಳಿ ಬೀಸತೊಡಗಿದ ಕಾಲ. ಮಧ್ಯಾಹ್ನ ಇಳಿದು ಅಸರ್ ನಮಾಜಿನ ಕರೆ ಆಗಿತ್ತು. ಸಮುದ್ರ ದಿನದಂತೆ ನಮ್ಮ ಓಣಿಯೊಳಕ್ಕೆ ಬಂದು ಪಾದ ಮುಳುಗುವಷ್ಟು ನಿಂತಿತ್ತು. ನಾನು ಹೊಗೆಗೂಡಿನಿಂದ ಮೀನಿನ ತಲೆಗಳನ್ನು ತೆಗೆದು ಮೊರಕ್ಕೆ ಹಾಕಿಕೊಂಡು ಬಾಗಿಲಿಗೆ ಬಂದೆ. ಎದುರು ಮನೆಯ ತರ್ಮುಜಿ ತನ್ನ ಮುಂಬಾಗಿಲಿಗೆ ಇಟ್ಟಿಗೆ ಕಟ್ಟುತ್ತಿದ್ದ.

ಒಳಗೆ ನಿಂತು ಕಟ್ಟುತ್ತಿದ್ದ. ಸೊಂಟ ಮರೆಯಾಗಿತ್ತು, ಎದೆ ಮರೆಯಾಗಿತ್ತು. ನಾನು ನೋಡನೋಡುತ್ತ ಗದ್ದವೂ ಮರೆಯಾಯಿತು. ಕೊನೆಗೆ ಒಂದು ಇಟ್ಟಿಗೆ ಹಿಡಿಯುವಷ್ಟು ಕಿಂಡಿ ಉಳಿಯಿತು. ಅದರಲ್ಲಿ ಅವನ ಕಣ್ಣು. ಆ ಕಣ್ಣು ನನ್ನನ್ನು ನೋಡಿತು, ನಕ್ಕಿತು. ಕಣ್ಣಿನ ಬದಿಯ ಗೆರೆಗಳು ಕೂಡಿಕೊಂಡದ್ದು ಇವತ್ತಿಗೂ ನನಗೆ ಕಾಣುತ್ತದೆ. ಆಮೇಲೆ ಅಲ್ಲಿಗೂ ಇಟ್ಟಿಗೆ ಬಂತು.

ಮೊರ ಕೈಯಲ್ಲೇ ಇತ್ತು. ಮೀನಿನ ಎಣ್ಣೆ ಮೊಣಕೈವರೆಗೆ ಇಳಿದದ್ದು ನನಗೆ ಗೊತ್ತಾಗಲಿಲ್ಲ.

ಸೆಮರಾಂಗಿನ ಬಂದರಿನ ಹಿಂದೆ ಇರುವವರು ನಾವು. ಇಲ್ಲಿ ಜನ ಚಿನ್ನ ಕೂಡಿಡುವುದಿಲ್ಲ, ಮಣ್ಣು ಕೂಡಿಡುತ್ತಾರೆ. ನೆಲ ಕುಸಿಯುತ್ತ ಹೋಗುತ್ತದೆ, ಸಮುದ್ರ ಏರುತ್ತ ಬರುತ್ತದೆ. ಕೈಯಲ್ಲಿ ನಾಲ್ಕು ಕಾಸು ಸೇರಿತೆಂದರೆ ಗುಡ್ಡದ ಕಡೆಯಿಂದ ಲಾರಿ ಮಣ್ಣು ತರಿಸಿ ಮನೆಯೊಳಗೆ ಸುರಿದು ನೆಲ ಎತ್ತರಿಸುತ್ತೇವೆ. ನೆಲ ಏರುತ್ತದೆ, ಸೂರು ಇದ್ದಲ್ಲೇ ಇರುತ್ತದೆ, ಬಾಗಿಲು ಗಿಡ್ಡವಾಗುತ್ತದೆ. ನಮ್ಮಜ್ಜ ತಲೆಯೆತ್ತಿ ದಾಟುತ್ತಿದ್ದ ಬಾಗಿಲನ್ನು ಅಪ್ಪ ಬಗ್ಗಿ ದಾಟುತ್ತಿದ್ದರು.

ತರ್ಮುಜಿ ಉದ್ದ ಆಳು. ದೋಣಿಗಳ ಬಿರುಕು ಮುಚ್ಚುವ ಕೆಲಸ ಅವನದು. ಬೆಳಿಗ್ಗೆ ಮನೆಯಿಂದ ಹೊರಬೀಳಬೇಕಾದರೆ ನಡು ಬಗ್ಗಿಸಲೇಬೇಕು. ಹಾಗೆ ಬಗ್ಗಿ ಬರುವವನಿಗೆ ಮೊದಲು ಕಾಣುತ್ತಿದ್ದದ್ದು ಎದುರು ಹೊಸಿಲ ಮೇಲಿನ ನನ್ನ ಪಾದ. ಅಲ್ಲಿಂದ ನಿಧಾನವಾಗಿ ಕಣ್ಣೆತ್ತುತ್ತಿದ್ದ. ನನ್ನ ಮುಖಕ್ಕೆ ಬರುವಷ್ಟರಲ್ಲಿ ನಾನು ಮೀನಿನ ಕಡೆ ತಿರುಗಿರುತ್ತಿದ್ದೆ. ಕಿವಿ ಮಾತ್ರ ಬಿಸಿಯಾಗಿರುತ್ತಿತ್ತು.

"ನಿನಗೆ ತಲೆಬಾಗದೆ ಒಂದು ದಿನಾನೂ ಕೆಲಸಕ್ಕೆ ಹೋಗೋಕಾಗಲ್ವಲ್ಲ ಯಾನಿ," ಅನ್ನುತ್ತಿದ್ದ.

"ಇನ್ನೊಂದು ಲಾರಿ ಮಣ್ಣು ಹಾಕಿಸು ಮಾಸ್, ಮಂಡಿಯೂರಿ ಬರುವಿಯಂತೆ," ಅನ್ನುತ್ತಿದ್ದೆ. ನಮ್ಮ ಕಡೆ ಹುಡುಗಿ ತನ್ನವನನ್ನು ಕರೆಯುವುದು ಮಾಸ್ ಎಂದೇ.

ನಮ್ಮ ಪ್ರೀತಿಗೆ ಓಣಿಯಲ್ಲಿ ಯಾರ ತಕರಾರೂ ಇರಲಿಲ್ಲ. ಬಾಗಿಲುಗಳದ್ದೇ ತಕರಾರು. ಎದುರುಬದುರು ಬಾಗಿಲಿನ ಮಕ್ಕಳು ಮದುವೆಯಾದರೆ ಎರಡರಲ್ಲೊಂದು ಮನೆಯ ಹಿರಿಯರು ಉಳಿಯುವುದಿಲ್ಲ ಅನ್ನುವುದು ನಮ್ಮವರ ನಂಬಿಕೆ. ತರ್ಮುಜಿಯ ತಾಯಿ ಮರ್ಕಮಾ ಅದನ್ನು ಕಣ್ಣಾರೆ ಕಂಡವರು. ಅವರ ತಂಗಿ ಎದುರು ಮನೆಗೇ ಸೊಸೆಯಾಗಿ ಹೋಗಿ, ವರ್ಷ ತುಂಬುವ ಮೊದಲೇ ಅವರಪ್ಪ ತೀರಿಕೊಂಡಿದ್ದರು. ನನ್ನನ್ನು ಕಂಡರೆ ಮರ್ಕಮಾ ಅಮ್ಮನಿಗೆ ಪ್ರೀತಿಯೇ. ಭಯ ಅದಕ್ಕಿಂತ ದೊಡ್ಡದಾಗಿತ್ತು.

ಓಣಿಯ ಬಾಯಲ್ಲಿ ಕಾಫಿ ಅಂಗಡಿ ಇಟ್ಟಿದ್ದ ಕಸ್ತಿ ಅಜ್ಜಿ ನನ್ನಪ್ಪನಿಗೆ ಅದಕ್ಕೊಂದು ಹಳೇ ದಾರಿ ಹೇಳಿದರು. "ಹುಡುಗೀನ ಕಸದ ಮೂಲೇಲಿ ಎಸೆದುಬಿಡೋ ಸಕ್ರೋನಿ. ನಾನು ಪೊರಕೆ ಹಿಡ್ಕೊಂಡು ಬಂದು, ಸಿಕ್ಕಿದ್ಲು ಅಂತ ಎತ್ಕೋತೀನಿ. ಆಮೇಲೆ ಅವಳು ನನ್ನ ಮಗಳು. ನನ್ನ ಅಂಗಡಿ ಎದುರಿಗೆ ಸಮುದ್ರ ಬಿಟ್ರೆ ಯಾರಿದ್ದಾರೆ?"

ಹಿಂದಿನಿಂದಲೂ ಹಾಗೆ ಎಸೆದು ಎತ್ತಿಕೊಂಡವರಿದ್ದಾರೆ. ಆದರೆ ತಾಯಿಯಿಲ್ಲದ ನನ್ನನ್ನು ಅಪ್ಪ ಒಬ್ಬರೇ ಸಾಕಿದ್ದರು. ಅರ್ಧ ಕುಡಿದ ಲೋಟ ಕೆಳಗಿಟ್ಟು, "ನನ್ನ ಮಗಳು ಕಸ ಅಲ್ಲ," ಅಂದು ಎದ್ದುಬಂದರು. ಮತ್ತೆ ಆ ಅಂಗಡಿಯಲ್ಲಿ ಅವರು ಕಾಫಿ ಕುಡಿಯಲಿಲ್ಲ.

ಅದೇ ಕಾಲಕ್ಕೆ ಗುಡ್ಡದ ಮೇಲಿನ ಹೊಸ ಬಡಾವಣೆಯಿಂದ ಒಬ್ಬ ಬರತೊಡಗಿದ್ದ. ಬೂಟಿಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ನೀರಿಗಿಳಿಯುತ್ತಿದ್ದ. ನಮ್ಮ ಸಾಲಿನ ಮನೆಗಳನ್ನೆಲ್ಲ ಕೊಂಡು ಕೆಡವಿ ಗೋದಾಮು ಕಟ್ಟುವುದು ಅವನ ಲೆಕ್ಕ. ಬಂದರು ಬೆಳೆಯುತ್ತದೆ, ಇಲ್ಲಿ ಹಾಕಿದ ದುಡ್ಡಿಗೆ ಸೋಲಿಲ್ಲ ಅನ್ನುತ್ತಿದ್ದ. ಅಪ್ಪ ಅವನನ್ನು ನಗಿಸಿ ಕಳಿಸುತ್ತಿದ್ದರು. ನನ್ನ ನೆಲದ ಕೆಳಗೆ ನನ್ನಪ್ಪನ ನೆಲ ಇದೆ, ಅದರ ಕೆಳಗೆ ನನ್ನಜ್ಜನದು, ಯಾವುದನ್ನು ಕೊಳ್ಳುತ್ತೀರಿ ಎಂದು ಕೇಳುತ್ತಿದ್ದರು.

ಇಟ್ಟಿಗೆ ಕಟ್ಟಿದ ಆ ಸಂಜೆ ಅಪ್ಪ ಮಸೀದಿಯಿಂದ ಬಂದು, ಒಳಗೆ ಬರದೆ, ಆ ಗೋಡೆಯನ್ನೇ ನೋಡುತ್ತ ನೀರಿನಲ್ಲಿ ನಿಂತುಬಿಟ್ಟರು.

"ಮುಖ ಬೇಡ ಅಂದವರ ಬೆನ್ನು ನೋಡ್ಕೊಂಡು ಸಾಯಬೇಕಾ ನಾನು?"

ಮರುದಿನ ಗುಡ್ಡದವನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಬಂದರು. ಜಲಸಂಧಿಯ ಆಚೆ ಲಂಪುಂಗಿನಲ್ಲಿ ಅಪ್ಪನ ಅಣ್ಣನ ಕಾಫಿ ತೋಟ ಇತ್ತು. ನಾವಿಬ್ಬರೂ ಅಲ್ಲಿಗೆ ಹೋಗುವುದೆಂದು ಆಯಿತು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ. ಗೋಡೆಗೆ ಎದುರಾಗಿ ನಿಂತವಳಿಗೆ ಮಾತೆಲ್ಲಿಂದ ಬರಬೇಕು?

ಒಮ್ಮೆ, ಅಪ್ಪ ಇಲ್ಲದ ಹೊತ್ತು ನೋಡಿ, ನೀರು ದಾಟಿ ಆ ಗೋಡೆಯ ಹತ್ತಿರ ಹೋದೆ. ಗಾರೆ ಇನ್ನೂ ತಣ್ಣಗಿತ್ತು. ಒಳಗೆ ಎಲ್ಲೋ ಸುತ್ತಿಗೆಯ ಸದ್ದು. ಅಂಗೈ ಊರಿ, "ಮಾಸ್," ಅಂದೆ.

ಸುತ್ತಿಗೆ ನಿಂತಿತು. ನಾನು ಅಂಗೈ ತೆಗೆಯದೆ ಕಾದೆ. ಮತ್ತೆ ಸುತ್ತಿಗೆ ಶುರುವಾಯಿತು.

ಅವನಿಗೆ ಕೇಳಿಸಿತ್ತು. ಕೇಳಿಸಿಯೂ ಬರಲಿಲ್ಲ. ಮನೆಗೆ ಬಂದು ಹೊಗೆಗೂಡಿನ ಮುಂದೆ ಕೂತೆ. ಅಲ್ಲಿ ಕೂತವಳ ಕಣ್ಣೇಕೆ ಕೆಂಪು ಎಂದು ಯಾರೂ ಕೇಳುವುದಿಲ್ಲ. ಆ ದಿನಗಳಲ್ಲಿ ನನಗೆ ಅನ್ನ ಸೇರಲಿಲ್ಲ. ನೀರು ಒಂದು ಸಲ ಬಂದು ಮತ್ತೆ ಇಳಿಯದೇ ಇದ್ದರೆ ಸಾಕು ಅನ್ನಿಸುತ್ತಿತ್ತು.

ಗುರುವಾರವೂ ನಮ್ಮ ಐದು ದಿನಗಳ ಸಂತೆವಾರದ ಕ್ಲಿವೋನ್ ದಿನವೂ ಕೂಡಿ ಬಂತು. ನೀರು ಏರುವ ಹೊತ್ತಿಗೆ ಓಣಿಯ ಬಾಯಿಯಿಂದ ತರ್ಮುಜಿ ನಡೆದುಬಂದ. ತೊಡೆಯವರೆಗೆ ಒದ್ದೆ. ತಲೆಯ ಮೇಲೆ ಬಾಳೆಲೆ ಹಾಸಿದ ತಟ್ಟೆ, ತಟ್ಟೆಯಲ್ಲಿ ಗೋಪುರದ ಹಾಗೆ ಹಳದಿ ಅನ್ನ. ನಮ್ಮ ಹೊಸಿಲಿನ ಮುಂದೆ ನಿಂತು, "ಹೊಸ ಬಾಗಿಲಿನ ಅನ್ನ ಪಾಕ್," ಎಂದು ಅಪ್ಪನಿಗೆ ಹೇಳಿದ. ನಮ್ಮಲ್ಲಿ ಹಿರಿಯರನ್ನು ಪಾಕ್ ಎಂದೇ ಕರೆಯುವುದು.

ಎದುರುಬದುರು ತಪ್ಪಿಸಲೆಂದು ಬಾಗಿಲು ತಿರುಗಿಸುವವರು, ಒಳ್ಳೆಯ ದಿನ ನೋಡಿ ಅನ್ನ ಹಂಚುವತನಕ, ಆ ಬಾಗಿಲಿನ ಮಾತನ್ನು ಯಾರ ಹತ್ತಿರವೂ ಎತ್ತುವಂತಿಲ್ಲ. ಎತ್ತಿದರೆ ಬಾಗಿಲು ನಿಲ್ಲುವುದಿಲ್ಲ. ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತಿರುವ ಮಾತು. ಅಪ್ಪನಿಗೂ ನನಗೂ ಅದು ಹೊಳೆಯಲೇ ಇಲ್ಲ. ಯಾಕೆಂದರೆ ಅವನ ಮನೆಯ ಎರಡು ಪಕ್ಕದ ಗೋಡೆಗಳು ನೆರೆಯವರಿಗೆ ಸೇರಿದವು. ಉಳಿದದ್ದು ಹಿಂದಿನ ಕಾಲುವೆಯೊಂದೇ. ಬುದ್ಧಿ ಇದ್ದವರು ಯಾರೂ ಆ ಕಡೆ ಬಾಗಿಲಿಡುವುದಿಲ್ಲ.

"ಕಾಲುವೆ ಕಡೆಗಾ?" ಅಪ್ಪ ಕೇಳಿದರು. "ನೀರು ಬರೋದೇ ಆ ಕಡೆಯಿಂದ ಅಲ್ವೇನೋ."

"ಬರುತ್ತೆ ಪಾಕ್. ಈಗಲೂ ಒಳಗಿದೆ."

ವರ್ಷಗಟ್ಟಲೆ ಅವನು ಸುರಿಸಿದ್ದ ಮಣ್ಣು ಪ್ರತಿ ಏರಿಳಿತಕ್ಕೂ ಒಂದಿಷ್ಟು ಕಾಲುವೆಗೆ ಹೋಗುತ್ತಿತ್ತು. ಮರ್ಕಮಾ ಅಮ್ಮ ಇಟ್ಟಿಗೆಯ ಮೇಲೆ ಎತ್ತರಿಸಿದ ಮಂಚದಲ್ಲಿ ಕಾಲು ಮಡಚಿ ಕೂತಿದ್ದರಂತೆ. ಬಾಗಿಲು ತಿರುಗಿದರೂ ಅವರ ಭಯ ಪೂರ್ತಿ ತಿರುಗಿರಲಿಲ್ಲ. ಮಕ್ಕಳಿಬ್ಬರೂ ಹುಟ್ಟಿದ್ದು ಎದುರುಬದುರಾಗಿಯೇ ತಾನೆ ಎಂದು ಗೊಣಗುತ್ತಿದ್ದರಂತೆ.

ಅಪ್ಪ ತಟ್ಟೆಗೆ ಕೈ ಚಾಚಲಿಲ್ಲ. ಹೆಬ್ಬೆಟ್ಟು ಒತ್ತಿ ಆಯಿತು, ಮಗಳು ನನ್ನ ಜೊತೆ ಬರುತ್ತಾಳೆ, ಅಪ್ಪ ಕೈಯೆತ್ತಿ ಕೊಡದೆ ಯಾವ ಇಮಾಮರೂ ಮದುವೆ ಓದುವುದಿಲ್ಲ ಎಂದು ಹೇಳಿ ಒಳಗೆ ಹೋದರು. ತಪ್ಪು ತಿಳಿದದ್ದಕ್ಕೆ ನಾಚಿಕೆಯಾದಾಗ ಅವರ ದನಿ ಹಾಗೆ ಗಡುಸಾಗುತ್ತಿತ್ತು.

ತಟ್ಟೆಯನ್ನು ನಾನೇ ಇಳಿಸಿಕೊಂಡೆ. ಅವನ ಬೆರಳು ನನ್ನ ಬೆರಳಿಗೆ ತಾಗಿತು. ಗಾರೆಯಿಂದ ಅವನ ಬೆರಳ ತುದಿಗಳೆಲ್ಲ ಒಡೆದಿದ್ದವು.

"ಆ ದಿನ ಯಾಕೆ ನಕ್ಕೆ?"

"ಇನ್ನು ಮೇಲೆ ನಿನ್ನ ಕದ್ದು ನೋಡಬೇಕಾಗಿಲ್ಲ ಅಂತ ನಕ್ಕೆ."

"ಕರೆದೆನಲ್ಲ. ಕೇಳಿಸಲಿಲ್ವಾ?"

ಅವನು ನಾಲಿಗೆಯ ತುದಿ ತೋರಿಸಿದ. ಕಚ್ಚಿಕೊಂಡ ಗಾಯ ಇನ್ನೂ ಮಾಗಿರಲಿಲ್ಲ.

ಆಮೇಲಿನ ದಿನಗಳು ಸಾಮಾನು ಕಟ್ಟುವುದರಲ್ಲಿ ಹೋದವು. ಓಡಿಹೋಗು ಎಂದು ಅವನೂ ಹೇಳಲಿಲ್ಲ, ನನಗೂ ಅಪ್ಪನನ್ನು ಬಿಟ್ಟು ಓಡುವ ಕಾಲಿರಲಿಲ್ಲ. ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತ ಒಂದೇ ಒಂದು ಮಾತು ಆಡಿದೆ. "ಅಪ್ಪಾ, ನಿಮ್ಮ ಜೊತೆ ಬರ್ತೀನಿ. ಅಲ್ಲಿ ಬದುಕ್ತೀನಿ ಅಂತ ಮಾತ್ರ ನನ್ನ ಬಾಯಲ್ಲಿ ಹೇಳಿಸಬೇಡಿ."

ಅವರು ಹಗ್ಗದ ಗಂಟು ಬಿಗಿಯುತ್ತಲೇ ಇದ್ದರು.

ಹೊರಡುವ ದಿನ ಬೆಳಗಿನ ನಮಾಜು ಮುಗಿಸಿ ಅಪ್ಪ ತಡವಾಗಿ ಬಂದರು. ಪಿಕಪ್ ಓಣಿಯ ಬಾಯಲ್ಲಿ ನಿಂತಿತ್ತು. ಮಂಚ, ಹಂಡೆ, ಹೊಗೆಗೂಡಿನ ಜಾಲರಿ, ಎಲ್ಲ ಏರಿದವು. ಕೊನೆಗೆ ನನ್ನ ಬಟ್ಟೆಗಂಟನ್ನೂ ಹಳೇ ಚಾಪೆಯನ್ನೂ ಕಂಕುಳಲ್ಲಿ ಹಿಡಿದು, ಚಿಕ್ಕವಳಿದ್ದಾಗ ಸಂತೆಯಲ್ಲಿ ಹಿಡಿಯುತ್ತಿದ್ದ ಹಾಗೆ ನನ್ನ ಮಣಿಕಟ್ಟು ಹಿಡಿದು ನಡೆದರು.

ಪಿಕಪ್ ದಾಟಿದರು. ಕಸ್ತಿ ಅಜ್ಜಿಯ ಅಂಗಡಿಯ ಪಕ್ಕ, ಓಣಿಯವರೆಲ್ಲ ಕಸ ಸುರಿಯುವ ಮೂಲೆಯಲ್ಲಿ ನಿಂತರು. ಚಾಪೆ ಹಾಸಿದರು. ಮುದುರಿದ ತುದಿಯನ್ನು ಕೈಯಿಂದ ಸವರಿ ಸರಿಮಾಡಿದರು.

"ಕೂತ್ಕೋ ಮಗಳೇ."

ಕೂತೆ. ಬಟ್ಟೆಗಂಟನ್ನು ನನ್ನ ಮಡಿಲಲ್ಲಿಟ್ಟರು. ಆಮೇಲೆ, ಯಾರನ್ನೂ ನೋಡದೆ, ಸಮುದ್ರದ ಕಡೆ ಮುಖ ಮಾಡಿ ಹೇಳಿದರು: "ಇಲ್ಲೊಂದು ಬಿಟ್ಟು ಹೋಗ್ತಿದೀನಿ. ಬೇಕಾದವರು ತಗೊಳ್ಳಿ."

ನನ್ನ ಮದುವೆ ಓದುವ ಹೊಣೆಯನ್ನು ಬೆಳಿಗ್ಗೆಯೇ ಇಮಾಮರಿಗೆ ಒಪ್ಪಿಸಿ ಬಂದಿದ್ದರೆಂದು ಆಮೇಲೆ ಗೊತ್ತಾಯಿತು. ಆಗ ನನಗೆ ಗೊತ್ತಿದ್ದದ್ದು ಇಷ್ಟೇ: ಎಸೆದವರು ತಿರುಗಿ ನೋಡಬಾರದು. ಅಪ್ಪ ನೋಡಲಿಲ್ಲ. ಪಿಕಪ್ಪಿನ ಹಿಂದೆ, ಮಂಚದ ಕಾಲುಗಳ ನಡುವೆ ಹತ್ತಿ ಕೂತರು. ಹತ್ತುವಾಗ ತಲೆಬಗ್ಗಿಸಿದರು. ಮೇಲೆ ಬಾಗಿಲೂ ಇರಲಿಲ್ಲ, ಸೂರೂ ಇರಲಿಲ್ಲ. ನಮ್ಮ ಮನೆಗೆ ಬಗ್ಗಿ ಬಗ್ಗಿ ಬಿದ್ದ ಅಭ್ಯಾಸ ಅದು.

ಕಸ್ತಿ ಅಜ್ಜಿ ಪೊರಕೆ ಹಿಡಿದು ಬಂದು ನನ್ನ ಸುತ್ತ ಗುಡಿಸಿದರು. "ನೋಡಿದ್ರಾ, ಎಂಥ ಹುಡುಗೀನ ಯಾರೋ ಬಿಟ್ಟು ಹೋಗಿದಾರೆ."

ಕಾಲುವೆಯ ದಾರಿಯಿಂದ ಒಬ್ಬ ಉದ್ದ ಆಳು ಓಡಿಬರುತ್ತಿದ್ದ. ನಾನು ಮಾತ್ರ ಪಿಕಪ್ ಹೋದ ದಾರಿಯನ್ನೇ ನೋಡುತ್ತಿದ್ದೆ. ಎಸೆಯಲ್ಪಟ್ಟವರು ನೋಡಬಾರದೆಂದು ಯಾರೂ ಹೇಳಿಲ್ಲ.

ಅಪ್ಪ ಹೊರಟದ್ದು ಶುಕ್ರವಾರ, ನೀರು ಇನ್ನೂ ಏರದ ಹೊತ್ತಿನಲ್ಲಿ.